ಫ್ರೇಮು ವ್ಯಾಟುಗಳ ಮಹಾಸಮರ

ತಂತಿಯೊಳಗೆ ಅಡಗಿ, ಗೋಡೆಯೊಳಗೆ ಹರಿದು, ಸ್ವಿಚ್ಚೆಂಬ ಹೆಬ್ಬಾಗಿಲ ಹಿಂದೆ ಭಕ್ತರ ಬೆರಳಿಗಾಗಿ ಕಾದು ನಿಂತಿರುವ ಹೇ ವಿದ್ಯುದ್ದೇವಿ, ಸಕಲಯಂತ್ರಪ್ರಾಣಸ್ವರೂಪಿಣಿ, ಪಂಖಚಕ್ರಪರಿಭ್ರಮಣಕಾರಿಣಿ, ಮಾಸಾಂತ್ಯಹೃದಯಕಂಪನಪ್ರದಾಯಿನಿ, ಈ ಬಡ ಗಾಥಾಕಾರನ ನಾಲಿಗೆಗೂ ಒಂದಿಷ್ಟು ಬಲ ಕೊಡು. ಕೃತಯುಗದಲ್ಲಿ ತಪಸ್ಸಿಗೂ, ತ್ರೇತೆಯಲ್ಲಿ ಬಿಲ್ಲಿಗೂ, ದ್ವಾಪರದಲ್ಲಿ ಗದೆಗೂ ಸಲ್ಲುತ್ತಿದ್ದ ಮಾನಮರ್ಯಾದೆಯೆಲ್ಲ ಈ ಕಲಿಯುಗದ ನಡುಹಗಲಿನಲ್ಲಿ ಗ್ರಾಫಿಕ್ಸ್ ಕಾರ್ಡೆಂಬ ಒಂದು ಪದಾರ್ಥದ ಪಾಲಾಗಿರುವಾಗ, ಆ ಪದಾರ್ಥದ ನಿಮಿತ್ತವಾಗಿ ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ, ಒಂದು ಆದಿತ್ಯವಾರ ಮುಂಜಾನೆ, ಇಬ್ಬರು ಮಹಾವೀರರ ನಡುವೆ ನಡೆದ ಘೋರಾತಿಘೋರ ಸಮರವನ್ನು ಹಾಡದೆ ಬಿಟ್ಟರೆ ನಾನು ಉಂಡ ಅನ್ನಕ್ಕೆ ಮೋಸ ಮಾಡಿದಂತೆ. ಆದ್ದರಿಂದ ಹೇಳುತ್ತೇನೆ. ನಡುವೆ ಯಾರೂ ಎದ್ದು ಹೋಗಬಾರದು.

ಮೊದಲನೆಯ ವೀರನ ಹೆಸರು ಪ್ರಭುಲಿಂಗ ಹೊಸಕೇರಿ. ಲೋಕದ ಕಣ್ಣಿಗೆ ಇವನು ಫ್ಲೆಕ್ಸ್ ಬ್ಯಾನರ್ ಅಂಗಡಿಯ ಡಿಸೈನರ್; ಹುಟ್ಟುಹಬ್ಬದ ಶುಭಾಶಯಗಳ ನಡುವೆ ಊರಿನ ಪುಢಾರಿಗಳ ಮೀಸೆಗೆ ಕಪ್ಪು ತುಂಬುವುದು ಇವನ ಹೊಟ್ಟೆಪಾಡು. ಸಂಜೆ ಮನೆಗೆ ಬಂದು ಗಾಲಿಕುರ್ಚಿಯನ್ನೇರಿದನೆಂದರೆ ಮಾತ್ರ ಇವನು ಕೀಲಿಮಣೆಕುಟ್ಟನಕೋವಿದ, ಸಹಸ್ರದೈತ್ಯಶಿರಶ್ಛೇದಕ, ಅರ್ಧಭುಕ್ತಚಪಾತಿಪರಿತ್ಯಾಗಿ. ಎರಡನೆಯವನು ಅಲ್ತಾಫ್ ನದಾಫ್. ದ್ವಿಚಕ್ರವಾಹನಗಳ ಬ್ಯಾಟರಿ ಮಾರುವ ಅಂಗಡಿಯಲ್ಲಿ ದುಡಿಯುವವನಾದ್ದರಿಂದ ಜಗತ್ತನ್ನೆಲ್ಲ ವ್ಯಾಟಿನಲ್ಲಿಯೇ ಅಳೆಯುವವನು. ಮೂಷಿಕಾಸ್ತ್ರನಿಪುಣ, ಮಿತವಿದ್ಯುದ್ವ್ರತಧಾರಿ, ಕೋಣೆಯಿಂದ ಹೊರಗೆ ಹೋಗುವಾಗ ಅನ್ಯರ ಮನೆಯ ಫ್ಯಾನನ್ನೂ ಆರಿಸುವಂಥ ಮಹಾನುಭಾವ. ಇವರಿಬ್ಬರೂ ಕನ್ನಡ ಶಾಲೆಯ ಒಂದೇ ಬೆಂಚಿನಿಂದ ಎದ್ದು ಬಂದವರು. ಒಂದು ಸಂಜೆ ಜೊತೆಯಾಗಿ ಆಡದಿದ್ದರೆ ಇಬ್ಬರಿಗೂ ಉಂಡದ್ದು ಅರಗುತ್ತಿರಲಿಲ್ಲ.

ಇವರಲ್ಲಿ ಒಂದು ಪದ್ಧತಿಯಿತ್ತು, ಅದನ್ನು ಇಲ್ಲಿಯೇ ಹೇಳಿಬಿಡಬೇಕು. ಇಬ್ಬರಲ್ಲಿ ಯಾರ ಕಂಪ್ಯೂಟರಿಗೆ ಯಾವ ಹೊಸ ಅಂಗ ಬಂದರೂ ಅದನ್ನು ಇಬ್ಬರೂ ಕೂಡಿಯೇ ಜೋಡಿಸುವುದು. ಕಂಪ್ಯೂಟರ್ ಡಬ್ಬಿಯ ಮುಂಭಾಗವೆಲ್ಲ ಪ್ರಭುವಿನ ಸಂಸ್ಥಾನ: ರಟ್ಟು ಬಿಚ್ಚುವುದು, ತಿರುಪು ತಿರುಗಿಸುವುದು, ಅರಿಶಿನ ಕುಂಕುಮ ಹಚ್ಚಿ ಊದುಬತ್ತಿ ಬೆಳಗುವುದು. ಹಿಂಭಾಗವೆಲ್ಲ ಅಲ್ತಾಫನದು. ಅಲ್ಲಿನ ತಂತಿಗಳ ಕಗ್ಗಾಡಿನಲ್ಲಿ ಯಾವ ತಂತಿ ಯಾವ ಕಿಂಡಿಗೆಂದು ಬಲ್ಲವನು ಅವನೊಬ್ಬನೇ. ಅವನು ಮೇಜಿನ ಹಿಂದೆ ತೂರಿಕೊಂಡು ತಂತಿ ಹಾಕುವಾಗ ಪ್ರಭು ಮೊಬೈಲಿನ ಟಾರ್ಚು ಹಿಡಿದು, ಬೇಡದ ಕಡೆಗೆಲ್ಲ ಬೆಳಕು ಬಿಟ್ಟು ಬೈಸಿಕೊಳ್ಳುತ್ತಿದ್ದನು. ಹೀಗೆ ವರ್ಷಗಟ್ಟಲೆ ನಡೆದಿತ್ತು.

ಇಂತಿರಲು ಮಾರುಕಟ್ಟೆಗೆ ಇಳಿದುಬಂದಿತು ಇನ್ಫರ್ನೋ ನೈನ್. ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂತು ಆಟದ ಚಿತ್ರಗಳನ್ನು ಬರೆಬರೆದು ಪರದೆಗೆ ಕಳಿಸುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಒಂದೊಂದು ಚಿತ್ರವೂ ಒಂದು ಫ್ರೇಮು. ಸೆಕೆಂಡಿಗೆ ಎಷ್ಟು ಫ್ರೇಮು ಬರೆಯುತ್ತದೆಯೋ ಅಷ್ಟು ಅದರ ಕೀರ್ತಿ. ಈ ಇನ್ಫರ್ನೋ ನೈನ್ ಎಂಬುದಾದರೋ ತ್ರಿಪಂಖಮಂಡಿತವೂ ಸಪ್ತವರ್ಣದೀಪಾವಳೀಶೋಭಿತವೂ ಆಗಿದ್ದು, ಎರಡು ಕೈಗಳಲ್ಲಿ ಎತ್ತಿದರೆ ರುಬ್ಬುವ ಗುಂಡಿನಷ್ಟು ತೂಗುತ್ತಿದ್ದು, ತನ್ನ ಹಿಂದಿನ ಪೀಳಿಗೆಯ ಸಕಲ ಕಾರ್ಡುಗಳನ್ನೂ ಮಣ್ಣು ಮುಕ್ಕಿಸುವೆನೆಂದು ಡಬ್ಬಿಯ ಮೇಲೆಯೇ ಸಾರಿಕೊಂಡಿತ್ತು. ಎಷ್ಟು ಕರೆಂಟು ತಿನ್ನುತ್ತೇನೆಂಬುದನ್ನು ಮಾತ್ರ ಡಬ್ಬಿಯ ತಳದಲ್ಲಿ ಇರುವೆಯಂಥ ಅಕ್ಷರದಲ್ಲಿ ಬರೆದುಕೊಂಡಿತ್ತು. ಪ್ರಭು ಡಬ್ಬಿಯ ಮೇಲ್ಭಾಗವನ್ನು ಓದಿದನು, ಅಲ್ತಾಫನು ತಳವನ್ನು ಓದಿದನು. ಜಗಳಕ್ಕೆ ಬೇರೆ ಕಾರಣ ಬೇಕೆ?

ಹುಬ್ಬಳ್ಳಿಯ ಆಟಗಾರರೆಲ್ಲ ಸೇರಿದ ವಾಟ್ಸಾಪ್ ಗುಂಪೊಂದಿದೆ. ಪ್ರಭು ಹೊಸ ಕಾರ್ಡಿನ ಫೋಟೋವನ್ನು ಆ ಸಭಾಮಂಟಪದಲ್ಲಿ ಇಳಿಸಿದ ಕೂಡಲೇ ಗುಂಪು ಎರಡು ಹೋಳಾಯಿತು. ಒಂದು ಪಕ್ಷವು ಫ್ರೇಮು ಫ್ರೇಮೆಂದು ಮೊಳಗಿತು. ಇನ್ನೊಂದು ವ್ಯಾಟು ವ್ಯಾಟೆಂದು ಗುಡುಗಿತು. ಊರ ಹೊರಗಿನ ಯಾವನೋ ಒಬ್ಬ ತನ್ನ ಹಳೆಯ ಕಾರ್ಡನ್ನು ಇದೇ ಸಮಯದಲ್ಲಿ ಮಾರಲು ನೋಡಿ ಎರಡೂ ಕಡೆಯಿಂದ ಬೈಸಿಕೊಂಡನು. ಆ ಗದ್ದಲದ ನಟ್ಟನಡುವೆ, ಎಲ್ಲರೆದುರಿಗೆ, ಪ್ರಭುವಿನ ಪ್ರಾಣಮಿತ್ರನಾದ ಅಲ್ತಾಫನು ಒಂದು ಸಾಲು ಬರೆದನು:

"ಇದು ಕಾರ್ಡಲ್ಲ ದೋಸ್ತ, ಇಸ್ತ್ರಿ ಪೆಟ್ಟಿಗಿ."

ಸಭೆ ಬಿದ್ದು ಬಿದ್ದು ನಕ್ಕಿತು. ಪ್ರಭುವಿಗೆ ಮಾತ್ರ ಅದು ನೇರ ಎದೆಗೆ ನಾಟಿತು. ಪರರು ಅಂದಿದ್ದರೆ ಅವನು ಅವರ ಮೂರು ತಲೆಮಾರನ್ನು ಎತ್ತಿ ಉತ್ತರ ಕೊಡುತ್ತಿದ್ದನು. ಅಂದವನು ಅಲ್ತಾಫ. ಹೊಸ ಕಾರ್ಡನ್ನು ನೋಡಿ ಅವನೊಬ್ಬ ಹೌದೆನ್ನಲಿ ಎಂಬುದಲ್ಲದೆ ಪ್ರಭುವಿಗೆ ಈ ಭೂಮಂಡಲದಲ್ಲಿ ಬೇರಾರ ಪ್ರಶಸ್ತಿಯೂ ಬೇಕಿರಲಿಲ್ಲ. ಆದ್ದರಿಂದ ಮುನಿದನು, ಕರೆಯಲಿಲ್ಲ, ಕಾರ್ಡನ್ನು ತಾನೊಬ್ಬನೇ ಜೋಡಿಸಿದನು. ಮುಂಭಾಗವನ್ನು ವಿಧಿಪೂರ್ವಕ ಮುಗಿಸಿ, ಹಲ್ಲಿನಲ್ಲಿ ಮೊಬೈಲು ಕಚ್ಚಿಕೊಂಡು ಹಿಂಭಾಗಕ್ಕೂ ತೂರಿ, ತಂತಿಯನ್ನು ಹಾಕಿಯೂ ಹಾಕಿದನು. ಕಾರ್ಡಿನ ದೀಪಗಳು ಏಳು ಬಣ್ಣದಲ್ಲಿ ಹೊತ್ತಿಕೊಂಡವು. ಇಷ್ಟಾದರೂ ಅದರ ಮೇಲೆ ಒಂದೇ ಒಂದು ಆಟವನ್ನೂ ತೆರೆಯಲಿಲ್ಲ. ಮೊದಲ ಆಟವನ್ನು ಒಬ್ಬನೇ ಆಡುವಷ್ಟು ಕಠಿಣ ಮನಸ್ಸು ಅವನಿಗೆ ಬರಲಿಲ್ಲ, ಪಾಪ.

ಮನೆಯಲ್ಲಿ ಇದನ್ನು ಬಲ್ಲವಳು ಸುನಂದಾ ವೈನಿಯೊಬ್ಬಳೇ. ಅವಳು ಪ್ರಭುವಿನ ಅಣ್ಣನ ಹೆಂಡತಿ. ಅಣ್ಣ ಕೆಲಸದ ಮೇಲೆ ಊರೂರು ಸುತ್ತುವವನಾದ್ದರಿಂದ ಆ ಮನೆಯ ಸರ್ವಾಧಿಕಾರವೂ ಅವಳದೇ.

"ಸ್ವಾಮಾರದ ತನಕ ಅಂಗಡಿಯವರು ವಾಪಸ್ ತಗೋತಾರ್ರಿ ವೈನಿ," ಎಂದಿದ್ದನು ಪ್ರಭು ಅವಳೆದುರು, ರೊಟ್ಟಿ ಮುರಿಯುತ್ತ. "ರವಿವಾರ ಅಲ್ತಾಫನ್ನ ಕರದೀನಿ. ಅವ ನೋಡಿ ಚಲೋ ಐತಿ ಅಂದ್ರ ಇರ್ತೈತಿ. ಇಲ್ಲಂದ್ರ ಮರುದಿನಾನ ಹಿಂದ ಕೊಟ್ಟು ಬರ್ತೀನಿ."

"ನಿನ್ನ ಕಾರ್ಡು, ನಿನ್ನ ಮನಿ. ಅವ ಯಾಕ ಹೇಳಬೇಕು?"

ಪ್ರಭು ಇನ್ನೊಂದು ರೊಟ್ಟಿ ಬೇಡಿದನು. ಅಲ್ತಾಫನಿಗೆ ಈ ಮಾತಿನ ಸುಳಿವೂ ಇರಲಿಲ್ಲ. ಅವನಿಗೆ ಹೋಗಿದ್ದ ಸಂದೇಶ ಇಷ್ಟೇ: "ರವಿವಾರ ಮುಂಜಾನೆ ಬಾ. ಇಸ್ತ್ರಿ ಪೆಟ್ಟಿಗಿ ಅಂದಿಯಲ್ಲ, ಬಂದು ನೋಡು."

ಆದಿತ್ಯವಾರ ಬಂತು. ಪೂರ್ವದಿಕ್ಕಿನಲ್ಲಿ ದಿನಮಣಿಯು ಉದಯಿಸಿ, ಇಡ್ಲಿ ಗಾಡಿಗಳ ಹಬೆಯನ್ನು ಸೀಳಿಕೊಂಡು ಮೇಲೇರುತ್ತಿರಲು, ಮಿತವಿದ್ಯುದ್ವ್ರತಧಾರಿಯು ಮೊಪೆಡ್ಡಿನ ಮೇಲೆ ಆಗಮಿಸಿದನು. ಅವನ ಅಂಗಿಯ ಕಿಸೆಯಲ್ಲಿ ಒಂದು ದಿವ್ಯಾಸ್ತ್ರವಿತ್ತು: ಗೋಡೆಯ ಪ್ಲಗ್ಗಿಗೂ ಕಂಪ್ಯೂಟರಿನ ತಂತಿಗೂ ನಡುವೆ ಸಿಕ್ಕಿಸಿದರೆ ಎಷ್ಟು ವ್ಯಾಟು ಹೋಗುತ್ತಿದೆಯೆಂದು ಆ ಕ್ಷಣವೇ ಹೇಳಿಬಿಡುವ, ಸೋಪಿನ ಗಾತ್ರದ ಮೀಟರು. ಹೆಬ್ಬಾಗಿಲಲ್ಲಿಯೇ ಸುನಂದಾ ವೈನಿ ಅವನನ್ನು ತಡೆದು ನಿಲ್ಲಿಸಿದಳು.

"ಇವತ್ತು ನಳಾ ಬರೂ ದಿವಸ ಐತಿ, ನೆನಪಿಟ್ಕೊಳ್ರಿ ಇಬ್ರೂ. ವಾರ ಆತು, ಟಾಕಿ ತಳಾ ಕಂಡೈತಿ. ನಾ ಮೋಟರ್ ಚಾಲೂ ಮಾಡಿದ ಕೂಡ್ಲೆ ನಿಮ್ಮ ಆಟ ಗೀಟ ಎಲ್ಲಾ ಬಂದ್. ಒಂದ ಫ್ಯೂಜಿನ ಮನಿ ಇದು."

"ಆತ್ರಿ ವೈನಿ," ಎಂದರು ಇಬ್ಬರೂ. ಆ ಉತ್ತರವನ್ನು ಕೊಟ್ಟದ್ದು ಬಾಯಿ ಮಾತ್ರವೆಂದು ಬೇರೆ ಹೇಳಬೇಕಾಗಿಲ್ಲ.

ಕೋಣೆಯಲ್ಲಿ ವೀರರು ಮುಖಾಮುಖಿಯಾದರು. ನಮಸ್ಕಾರವಿಲ್ಲ, ಕುಶಲಪ್ರಶ್ನೆಯಿಲ್ಲ. ಅಲ್ತಾಫನು ಮೀಟರನ್ನು ಗೋಡೆಗೆ ಸಿಕ್ಕಿಸಿ, ಅದರ ಮುಖ ತನಗೆ ಕಾಣುವಂತೆ ಬೆತ್ತದ ಪೀಠವಾದ ಮೋಡಾದ ಮೇಲೆ ಕೂತನು. ಪ್ರಭು ಗಾಲಿಕುರ್ಚಿಯಲ್ಲಿ ಎದೆಯುಬ್ಬಿಸಿದನು. ಸಮರಕ್ಕೆ ಮುನ್ನ ವೀರರು ತಮ್ಮ ತಮ್ಮ ಪ್ರತಾಪವನ್ನು ಸಾರುವುದು ಹಿಂದಿನಿಂದ ಬಂದ ಸಂಪ್ರದಾಯ. ಅದನ್ನು ಇವರೇಕೆ ಬಿಟ್ಟಾರು? ಸಜಲಜಲಧರಗರ್ಜನಗಂಭೀರವಾದ ಧ್ವನಿಯಲ್ಲಿ, ಹಿಂದಿನ ದಿನದ ನೆಗಡಿಯಿಂದ ಸ್ವಲ್ಪ ಮೂಗಿನಲ್ಲಿ, ಪ್ರಭುಲಿಂಗನು ಹೀಗೆಂದನು:

"ಕೇಳಲೇ ಅಲ್ತಾಫಾ! ಇಷ್ಟು ದಿನ ನಾವು ಆಡಿದ್ದು ಆಟ ಅಲ್ಲ, ಚಿತ್ರಪಟ ತಿರುವಿ ಹಾಕಿದಂಗ. ಇವತ್ತು ನೋಡು. ಹುಲ್ಲಿನ ಒಂದೊಂದು ಎಸಳು ಬ್ಯಾರೆ ಬ್ಯಾರೆ ಅಳ್ಳಾಡತೈತಿ. ವೈರಿ ಕಣ್ಣಾಗ ನಿನ್ನ ಮಾರಿ ಕಾಣ್ತೈತಿ. ಸೆಕೆಂಡಿಗೆ ನೂರಾ ಐವತ್ತು ಫ್ರೇಮು! ಕರೆಂಟ್ ತಿಂತೈತಿ, ಕರೆಂಟ್ ತಿಂತೈತಿ ಅಂತ ಬಡ್ಕೊಂತೀಯಲ್ಲ, ತಿನ್ಲಿ. ಪೈಲ್ವಾನ ಹಾಲು ಬದಾಮಿ ತಿನ್ನಲಿಲ್ಲ ಅಂದ್ರ ಕುಸ್ತಿ ಹ್ಯಾಂಗ ಹಿಡೀತಾನ?"

ಇದನ್ನು ಕೇಳಿ ಅಲ್ತಾಫನು, ಹುಬ್ಬನ್ನು ಬಿಲ್ಲಿನಂತೆ ಮೇಲಕ್ಕೆ ಬಾಗಿಸಿ, ಮಂದಸ್ಮಿತವದನಾರವಿಂದನಾಗಿ, ಬಾಯಿಯೊಳಗಿನ ಅಡಿಕೆಯನ್ನು ಎಡದವಡೆಗೆ ಸರಿಸಿ ಉತ್ತರಿಸಿದನು:

"ಪೈಲ್ವಾನ ತಿನ್ಲಿ, ಯಾರು ಬ್ಯಾಡಂದ್ರು? ಇಡೀ ಓಣಿದು ತಿಂದು ನಾ ಪೈಲ್ವಾನ ಅಂದ್ರ ಒಪ್ಪಂಗಿಲ್ಲ. ನನ್ನ ಹಳೇ ಕಾರ್ಡು ನೋಡು, ಇದರ ಕಾಲು ಭಾಗ ಕರೆಂಟಿನ್ಯಾಗ ಅರ್ಧಾ ಕೆಲಸ ಮಾಡ್ತೈತಿ. ಅದಕ್ಕ ಅಕಲ್ ಅಂತಾರ. ನಿಂದಕ್ಕ ಹೊಟ್ಟಿಬಾಕ ಅಂತಾರ. ಒಂದು ಸಲ ಚಾಲೂ ಮಾಡು, ನನ್ನ ಮೀಟರ್ ಹಲ್ಲು ಕಿಸೀತೈತಿ."

"ಕಿಸೀಲಿ!"

"ಕಿಸೀತೈತಿ!"

ಎಂದು ಪರಸ್ಪರ ಸಿಂಹನಾದಗೈದು, ಅತ್ಯಂತ ಭಾರವಾದ ಒಂದು ಯುದ್ಧದ ಆಟವನ್ನು ತೆರೆದು, ಅದರ ಸೆಟ್ಟಿಂಗುಗಳನ್ನೆಲ್ಲ ತುತ್ತತುದಿಗೆ ಏರಿಸಿ, ಪ್ರಭು ಶುರುಗುಂಡಿಯನ್ನು ಒತ್ತಿದನು. ದಶದಿಕ್ಕುಗಳೂ ಉಸಿರು ಹಿಡಿದವು. ಪರದೆಯ ಮೇಲೆ ಅರುಣವರ್ಣದ ಬೆಟ್ಟಗಳೂ, ಬೆಟ್ಟದ ಬುಡದಲ್ಲಿ ಅಶ್ವಾರೂಢನಾದ ನಾಯಕನೂ ಪ್ರತ್ಯಕ್ಷರಾದರು. ನಾಯಕನು ಕುದುರೆಗೆ ಹಿಮ್ಮಡಿ ತಾಗಿಸಿದನು. ಕುದುರೆ ಎಡಗಾಲನ್ನು ಎತ್ತಿತು.

ಎತ್ತಿದ ಕಾಲನ್ನು ಇಳಿಸಲು ಅದಕ್ಕೆ ಇಷ್ಟವಿರಲಿಲ್ಲ. ಗಾಳಿಯಲ್ಲಿ ನಿಂತೇ ನಿಂತಿತು. ಆಮೇಲೆ ಇದ್ದಕ್ಕಿದ್ದಂತೆ ಕುದುರೆಯೇ ಇನ್ನೊಂದು ಕಡೆ ಕಾಣಿಸಿತು. ಪರದೆಯ ಮೂಲೆಯಲ್ಲಿ ಹಸಿರಂಕಿಯಲ್ಲಿ ಫ್ರೇಮುಗಳ ಲೆಕ್ಕ ತೋರಿಸುವ ಕಡೆ ಒಂಬತ್ತು ಎಂದಿತ್ತು. ನೂರಾ ಐವತ್ತಲ್ಲ, ತೊಂಬತ್ತೂ ಅಲ್ಲ. ಬರೀ ಒಂಬತ್ತು.

ಪ್ರಭುವಿನ ಮುಖ ಸುಣ್ಣವಾಯಿತು. ಅಲ್ತಾಫನು ಗಹಗಹಿಸಲೆಂದು ಬಾಯಿ ತೆರೆದು ತನ್ನ ಮೀಟರಿನ ಕಡೆ ಕಣ್ಣು ಹಾಯಿಸಿದನು, ಹಾಯಿಸಿದವನು ತೆರೆದ ಬಾಯಿಯನ್ನು ಹಾಗೆಯೇ ಬಿಟ್ಟನು. ಮೀಟರು ತೋರಿಸುತ್ತಿದ್ದ ವ್ಯಾಟು ಅವನ ಸ್ವಂತ ಹಳೆಯ ಯಂತ್ರಕ್ಕಿಂತ ಕಡಿಮೆಯಿತ್ತು. ಇಸ್ತ್ರಿ ಪೆಟ್ಟಿಗೆಯೆಂದು ಲೋಕವೆಲ್ಲ ನಿಂದಿಸಿದ ಇನ್ಫರ್ನೋ ನೈನು ಏಕಾದಶಿಯ ಉಪವಾಸ ಹಿಡಿದ ಮುದುಕಿಯಷ್ಟೂ ಉಣ್ಣುತ್ತಿರಲಿಲ್ಲ.

ಕೇಳುಗರೇ, ಇಲ್ಲಿ ನಡೆದದ್ದನ್ನು ನಾನು ಇನ್ನಾವ ಸಮರದಲ್ಲಿಯೂ ಕಂಡಿಲ್ಲ. ಕತ್ತಿ ಮುರಿದರೆ ವೀರನು ಬೇರೆ ಕತ್ತಿ ಹಿಡಿಯುವುದುಂಟು. ಇವರಿಬ್ಬರೂ ಒಬ್ಬರ ಕತ್ತಿಯನ್ನು ಇನ್ನೊಬ್ಬರು ಕಸಿದುಕೊಂಡು ಯುದ್ಧ ಮುಂದುವರಿಸಿದರು.

"ನೋಡಲೇ ನೋಡು, ಕರೆಂಟ್ ನೋಡು!" ಎಂದು ಫ್ರೇಮುಪಕ್ಷಧುರಂಧರನಾಗಿದ್ದ ಪ್ರಭು ಮೇಲೆದ್ದು ಕೂಗಿದನು. "ಏನ್ ಹಿಡಿತದಾಗ ಐತಿ! ಒಂದ ಟ್ಯೂಬ್‌ಲೈಟ್, ಎರಡು ಫ್ಯಾನು ಹಚ್ಚಿದಷ್ಟೂ ಇಲ್ಲ. ಇದಕ್ಕ ಅಕಲ್ ಅಂತಾರ!"

"ಕರೆಂಟ್ ಯಾರು ಕೇಳಿದ್ರಲೇ?" ಎಂದು ವ್ಯಾಟುಪಕ್ಷದ ಮಹಾಸೇನಾಪತಿಯು ಮೋಡಾವನ್ನು ಒದ್ದು ನಿಂತನು. "ಕೆಲಸ ಎಲ್ಲೈತಿ? ಆ ಕುದರಿ ನೋಡು, ಎತ್ತಿದ ಕಾಲು ಇನ್ನಾ ಇಟ್ಟಿಲ್ಲ! ನಾಕು ವ್ಯಾಟ್ ಹೆಚ್ಚ ತಿನ್ಲಿ, ಆಟ ಆಟದಂಗ ಇರಬೇಕೋ ಬ್ಯಾಡೋ?"

"ಎಲ್ಲಾದಕ್ಕೂ ವೇಗಾನ ಬೇಕೇನ್? ಸಾವಕಾಶ ಆಡು. ಸೀನರಿ ನೋಡ್ಕೊಂತ ಆಡು."

"ಸೀನರಿ ನೋಡಾಕ ಕ್ಯಾಲೆಂಡರ್ ಸಾಕಿತ್ತಲ್ಲೋ!"

ಹೀಗೆ ಬಹಳ ಹೊತ್ತು ಹೊಡೆದಾಡಿದರು. ಪ್ರಭುವಿನ ದನಿ ಮಾತ್ರ ಮಾತಿನಿಂದ ಮಾತಿಗೆ ಕುಗ್ಗುತ್ತ ಬಂತು. ಮಿತವ್ಯಯದ ಗುಣಗಾನ ಅವನ ಬಾಯಿಗೆ ರೂಢಿಯಿಲ್ಲದ್ದು. ಹುಲ್ಲಿನ ಎಸಳು ಅಲ್ಲಾಡುವುದನ್ನು ಗೆಳೆಯನಿಗೆ ತೋರಿಸಬೇಕೆಂದು ಅಷ್ಟು ದಿನ ಆಟ ಮುಟ್ಟದೆ ಕಾದವನ ಮುಂದೆ ಆ ಹುಲ್ಲು ಹಸಿರು ಚಾಪೆಯಂತೆ ಬಿದ್ದುಕೊಂಡಿತ್ತು. ಕೊನೆಗೆ ಅವನು ಮತ್ತೆ ಗಾಲಿಕುರ್ಚಿಗೆ ಒರಗಿದನು.

ಅಷ್ಟರಲ್ಲಿ ಹೊರಗಿನಿಂದ ರಣಕಹಳೆ ಮೊಳಗಿತು. "ಪ್ರಭೂ, ನಳಾ ಬಂತು! ಪೈಪ್ ತಗೊಂಬಾ, ಲಗೂನ!"

ಪ್ರಭು ಎದ್ದು ಹೋದನು. ರಣರಂಗದಲ್ಲಿ ಅಲ್ತಾಫನೊಬ್ಬನೇ ಉಳಿದನು. ಗೆದ್ದಿದ್ದನು, ಅದರಲ್ಲಿ ಸಂಶಯವಿರಲಿಲ್ಲ. ಆದರೆ ಗೆದ್ದವನ ಮುಖ ಹಾಗಿರಲಿಲ್ಲ. ಮೀಟರನ್ನು ಬಿಚ್ಚಿಕೊಂಡು ಮನೆಗೆ ಹೋಗಿಬಿಡೋಣವೆಂದು ಮೇಜಿನ ಸಂದಿಗೆ ಕೈ ಹಾಕುವಾಗ ಕಿಟಕಿಯಾಚೆಯಿಂದ, ನಲ್ಲಿಯ ಕಟ್ಟೆಯಿಂದ, ಪ್ರಭುವಿನ ದನಿ ಕೇಳಿಬಂತು.

"ಹಿಂದ ಕೊಟ್ಟು ಬರ್ತೀನ್ರಿ ವೈನಿ ನಾಳೆ."

"ಯಾಕೋ? ಅಲ್ತಾಫ ಏನಂದ?"

"ಅವ ಅಂದಿದ್ದು ಖರೇ ಇತ್ತು ಬಿಡ್ರಿ. ಅವಗ ತೋರಸ್ಬೇಕಂತನ ಇಷ್ಟು ದಿನ ಆಟ ಮುಟ್ಟಿದ್ದಿಲ್ಲ ನಾನು. ಅವಗ ಸೇರಲಿಲ್ಲ ಅಂದ ಮ್ಯಾಲೆ ನನಗರ ಯಾಕ ಬೇಕು?"

ಅಲ್ತಾಫನ ಕೈ ಮೇಜಿನ ಸಂದಿಯಲ್ಲಿಯೇ ನಿಂತಿತು. ಕಣ್ಣೆದುರಿಗೆ, ಅವನ ಚಿರಪರಿಚಿತ ಸಾಮ್ರಾಜ್ಯವಾದ ಆ ಹಿಂಭಾಗದಲ್ಲಿ, ಪರದೆಯಿಂದ ಬಂದ ತಂತಿ ಒಂದು ಕಿಂಡಿಯಲ್ಲಿ ಸಿಕ್ಕಿಕೊಂಡಿತ್ತು. ಮೇಲಿನ ಕಿಂಡಿ. ಅದು ಕಂಪ್ಯೂಟರಿನ ಮೂಲಹಲಗೆಯಾದ ಮದರ್‌ಬೋರ್ಡಿನದು. ಕಾರ್ಡಿನ ಕಿಂಡಿಗಳು ಅದರ ಕೆಳಗೆ ಸಾಲಾಗಿ ಖಾಲಿ ಬಾಯಿ ತೆರೆದುಕೊಂಡಿದ್ದವು. ಅಂದರೆ ಇಷ್ಟೊತ್ತು ಆ ಬೆಟ್ಟಗಳನ್ನೂ ಕುದುರೆಯನ್ನೂ ಎಳೆದದ್ದು ಇನ್ಫರ್ನೋ ನೈನಲ್ಲ. ಕಾಗದಪತ್ರ ಬರೆಯುವುದಕ್ಕೆ, ಸಿನಿಮಾ ನೋಡುವುದಕ್ಕೆ ಸಾಕೆಂದು ಪ್ರೊಸೆಸರಿನೊಳಗೆ ಇಟ್ಟಿರುವ ಒಂದು ಬಡ ಚಿತ್ರಶಕ್ತಿ. ಆ ಪುಣ್ಯಾತ್ಮ ಏದುಸಿರು ಬಿಟ್ಟುಕೊಂಡು ಒಂಬತ್ತು ಫ್ರೇಮು ಬರೆದದ್ದೇ ಸಾಹಸ. ಕಾರ್ಡು ಪಕ್ಕದಲ್ಲಿ ದೀಪ ಹಚ್ಚಿಕೊಂಡು ಮದುಮಗನಂತೆ ಸುಮ್ಮನೆ ಕೂತಿತ್ತು.

ಹಿಂಭಾಗ ಎಂದೂ ಪ್ರಭುವಿನ ಕೆಲಸವಾಗಿರಲಿಲ್ಲ. ಅಲ್ತಾಫನು ಜೊತೆಗಿದ್ದರೆ ಈ ತಪ್ಪು ಆಗುತ್ತಿರಲಿಲ್ಲ, ಮತ್ತು ಅವನು ಏಕೆ ಜೊತೆಗಿರಲಿಲ್ಲ ಎಂಬುದು ಅವನಿಗೇ ಚೆನ್ನಾಗಿ ಗೊತ್ತಿತ್ತು.

ಧರ್ಮಸಂಕಟವೆಂದರೆ ಇದು. ತಂತಿಯನ್ನು ಹಾಗೆಯೇ ಬಿಟ್ಟರೆ ವಿಜಯಲಕ್ಷ್ಮಿ ಅಲ್ತಾಫನ ಮೊಪೆಡ್ಡಿನ ಹಿಂದೆ ಕೂತು ಮನೆಗೆ ಬರುತ್ತಾಳೆ. ವಾಟ್ಸಾಪ್ ಸಭಾಮಂಟಪದಲ್ಲಿ ಅವನ ಕೀರ್ತಿ ಆಚಂದ್ರಾರ್ಕವಾಗಿ ನಿಲ್ಲುತ್ತದೆ. ಕಾರ್ಡು ಅಂಗಡಿಗೆ ಮರಳುತ್ತದೆ. ತಂತಿಯನ್ನು ಕೆಳಗಿನ ಕಿಂಡಿಗೆ ಹಾಕಿದರೆ ತಾನು ಎಲ್ಲರೆದುರು ಜರೆದ ದೈತ್ಯನನ್ನು ತಾನೇ ಕೈಯಾರೆ ಎಬ್ಬಿಸಿದಂತಾಗುತ್ತದೆ. ಅಲ್ತಾಫನು ಬಹಳ ಹೊತ್ತು ಚಿಂತಿಸಿದನೆಂದು ಬರೆದರೆ ಗಾಥೆಗೆ ಶೋಭೆ. ನಿಜವಾಗಿ ಅವನು ಚಿಂತಿಸಲೇ ಇಲ್ಲ. "ಹುಚ್ಚ ಸೂಳೇಮಗ," ಎಂದು ಪ್ರೀತಿಯಿಂದ ಬೈದು ತಂತಿಯನ್ನು ಕಿತ್ತು ಕೆಳಗೆ ಹಾಕಿದನು.

ಆಗ ಎದ್ದಿತು ನೋಡಿ ಇನ್ಫರ್ನೋ ನೈನು! ಆಟವನ್ನು ಮತ್ತೆ ತೆರೆದ ಮರುಗಳಿಗೆಯೇ ಅದರ ತ್ರಿಪಂಖಗಳು ಪ್ರಳಯಮಾರುತದಂತೆ ಬೋರ್ಗರೆದವು. ಮೇಜಿನ ಮೇಲಿನ ಕಾಗದಗಳು ಹಾರಿದವು. ಗೋಡೆಯ ದೇವರ ಫೋಟೋದ ಒಣಗಿದ ಹಾರ ಅಲ್ಲಾಡಿತು. ಮೀಟರಿನ ಅಂಕಿಗಳು ನೂರನ್ನು ದಾಟಿ, ಮುನ್ನೂರನ್ನು ನುಂಗಿ, ಐನೂರನ್ನು ತುಳಿದು ಮೇಲೇರತೊಡಗಿದವು, ಅಲ್ತಾಫನು ಎದೆಯ ಮೇಲೆ ಕೈಯಿಟ್ಟುಕೊಂಡು ಅದನ್ನೇ ನೋಡಿದನು. "ಲೇ ಪ್ರಭೂ!" ಎಂದು ಕೂಗಿದನು. "ಲೇ, ಓಡಿ ಬಾರಲೇ!"

ಓಡಿ ಬಂದದ್ದು ಪ್ರಭುವಲ್ಲ, ವಿಧಿ. ಅದೇ ಮುಹೂರ್ತದಲ್ಲಿ, ಆಟ ನಿಂತಿದೆಯೆಂದು ನಂಬಿದ ಸುನಂದಾ ವೈನಿ ನಲ್ಲಿಯ ಬಾಯಿಗೆ ಪೈಪು ಸಿಕ್ಕಿಸಿ ಮೋಟರಿನ ಗುಂಡಿಯನ್ನು ಒತ್ತಿದ್ದಳು.

ಟಪ್.

ಕುದುರೆಯಿಲ್ಲ, ಬೆಟ್ಟವಿಲ್ಲ, ಫ್ಯಾನಿಲ್ಲ, ಮೋಟರಿಲ್ಲ. ಬಾಗಿಲ ಮೇಲಿನ ಫ್ಯೂಜು ಸಣ್ಣಗೆ ಒಂದು ಹೊಗೆ ಬಿಟ್ಟು ವೀರಸ್ವರ್ಗವನ್ನು ಸೇರಿತು. ಓಣಿಯ ಉಳಿದ ಎಲ್ಲ ಮನೆಗಳಲ್ಲಿಯೂ ಮೋಟರುಗಳು ಗುಯ್ಯೆನ್ನುತ್ತ ನೀರೆಳೆಯುತ್ತಿದ್ದವು, ಹೊಸಕೇರಿಯವರ ಮನೆಯೊಂದು ಗಪ್‌ಚಿಪ್ಪಾಗಿತ್ತು. ಆ ಮೌನದೊಳಗಿಂದ ವೈನಿಯ ದನಿ ಮೇಲೆದ್ದಿತು. ಅವಳು ಅಂದದ್ದನ್ನೆಲ್ಲ ಇಲ್ಲಿ ಬರೆಯಲು ನನಗೆ ಧೈರ್ಯವಿಲ್ಲ. ಕೊನೆಯ ಭಾಗವನ್ನು ಮಾತ್ರ ಹೇಳುತ್ತೇನೆ.

"ಫ್ಯೂಜ್ ಆಮ್ಯಾಲೆ ಕಟ್ರಿ! ನಳಾ ಹೋಗೂದ್ರಾಗ ಟಾಕಿ ತುಂಬಬೇಕು. ಕೊಡಾ ಹಿಡೀರಿ ಇಬ್ರೂ!"

ಹೀಗೆ ಸಹಸ್ರದೈತ್ಯಶಿರಶ್ಛೇದಕನೂ ಮಿತವಿದ್ಯುದ್ವ್ರತಧಾರಿಯೂ ಹೆಗಲಿಗೊಂದು ಕೊಡ ಹೊತ್ತು ಮಾಳಿಗೆಯ ಮೆಟ್ಟಿಲು ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಅಂಗಿಗಳು ತೊಯ್ದವು. ಮೊದಲು ಮಾತಾಡಿದವನು ಪ್ರಭು, ಟಾಕಿಗೆ ಕೊಡ ಬಗ್ಗಿಸುತ್ತ.

"ಗೆದ್ದಿ ಬಿಡಪಾ. ಫ್ಯೂಜ ಹಾರಿಸ್ತು. ಗ್ರೂಪಿನ್ಯಾಗ ನಾನ ಬರೀತೀನಿ, ಅಲ್ತಾಫ ಅಂದಿದ್ದು ಖರೇ ಅಂತ. ನಾಳೆ ಹಿಂದ ಕೊಡ್ತೀನಿ."

"ನಾಳೆ ಅಂಗಡಿ ಕಡೆ ಹೋದಿ ಅಂದ್ರ ಕಾಲು ಮುರೀತೀನಿ," ಎಂದನು ಅಲ್ತಾಫ. "ವಾಯರ್ ತಪ್ಪು ಹಾಕಿದ್ದಿ ನೀನು. ಮದರ್‌ಬೋರ್ಡಿಗೆ ಹಾಕಿದ್ದಿ. ನಿನ್ನ ಕಾರ್ಡು ಇಷ್ಟೊತ್ತು ಕೆಲಸಾನ ಮಾಡಿದ್ದಿಲ್ಲ."

ಪ್ರಭು ಬಗ್ಗಿಸಿದ ಕೊಡವನ್ನು ನೆಟ್ಟಗೆ ಮಾಡಲು ಮರೆತನು.

"ಮತ್ತ ಫ್ಯೂಜು?"

"ನಾ ಸರಿ ಹಾಕಿದೆ. ಎದ್ದು ಕುಂತು. ಹುಲಿ ಎದ್ದಂಗ ಎದ್ದು ಕುಂತು ಲೇ."

"ಎಷ್ಟು ಬಂತು?" ಎಂದನು ಪ್ರಭು. "ಫ್ರೇಮು ಎಷ್ಟು ಬಂತಲೇ?"

ಇನ್ಫರ್ನೋ ನೈನಿನ ಪೂರ್ಣಪ್ರತಾಪವನ್ನು ಈ ಮೂರು ಲೋಕಗಳಲ್ಲಿ ಕಣ್ಣಾರೆ ಕಂಡ ಏಕೈಕ ಸಾಕ್ಷಿಯು ತಲೆ ಕೆರೆದುಕೊಂಡನು.

"ನೋಡ್ಲಿಲ್ಲೋ. ನಾ ಮೀಟರ್ ನೋಡಾಕತ್ತಿದ್ದೆ."

ಪ್ರಭು ಅವನನ್ನು ಒಂದು ಗಳಿಗೆ ದಿಟ್ಟಿಸಿದನು. ಆಮೇಲೆ ನಗಲು ಶುರುಮಾಡಿದನು. ಟಾಕಿಯ ಅಂಚು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕನು. ಅಲ್ತಾಫನೂ ನಕ್ಕನು, ಆದರೆ ಬೇಗ ನಿಲ್ಲಿಸಿದನು.

"ನನ್ನ ಯಾಕ ಕರೀಲಿಲ್ಲ? ವಾಯರ್ ಹಾಕಾಕ."

"ಇಸ್ತ್ರಿ ಪೆಟ್ಟಿಗಿ ಅಂದ್ಯಲ್ಲ."

"ಅಂದೆ. ಕರದಿದ್ರ ಬರ್ತಿದ್ದೆ. ಬೈಕೊಂತ ಬರ್ತಿದ್ದೆ, ಬರ್ತಿದ್ದೆ ಮಾತ್ರ." ಅವನು ಖಾಲಿ ಕೊಡವನ್ನು ಕೈಯಿಂದ ಕೈಗೆ ಬದಲಿಸಿದನು. "ಎಲ್ಲಾರ ಮುಂದ ಅನ್ನಬಾರದಿತ್ತು ಅದನ್ನ. ತಪ್ಪಾತು."

"ಏ, ಬಿಡೋ," ಎಂದನು ಪ್ರಭು. ಅವನ ಮನಸ್ಸು ಹೂವಾಗಿತ್ತು. ಗೆಳೆಯನೆದುರು ಅದನ್ನು ಹೇಳಿಕೊಳ್ಳುವುದು ಹೇಗೆಂದು ತಿಳಿಯದೆ ಕೆಳಗಿಳಿದು ಇನ್ನೆರಡು ಕೊಡ ಹೆಚ್ಚು ತಂದನು.

ನಳ ಹೋಯಿತು, ಟಾಕಿ ತುಂಬಿತ್ತು. ಅಲ್ತಾಫನು ಮೊಪೆಡ್ಡಿನ ಡಿಕ್ಕಿಯಿಂದ ತಂತಿ ತಂದು ಫ್ಯೂಜು ಕಟ್ಟಿದನು, ಪ್ರಭು ಟಾರ್ಚು ಹಿಡಿದು ಬೇಡದ ಕಡೆಗೆ ಬೆಳಕು ಬಿಟ್ಟನು. ಮೋಟರಿನ ಪ್ಲಗ್ಗನ್ನು ಕಿತ್ತಿಟ್ಟು, ವೈನಿಯ ಅಪ್ಪಣೆ ಪಡೆದು, ಒದ್ದೆ ಅಂಗಿಯಲ್ಲಿಯೇ ಇಬ್ಬರೂ ಪರದೆಯ ಮುಂದೆ ಭುಜಕ್ಕೆ ಭುಜ ತಾಗಿಸಿ ಕೂತರು. ಇನ್ನು ಯಾವ ವಿಘ್ನವೂ ಇರಲಿಲ್ಲ. ಪ್ರಭು ಆಟವನ್ನು ಒತ್ತಿದನು.

ಪರದೆಯ ಮೇಲೆ ಒಂದು ಸಣ್ಣ ಚೌಕ ಮೂಡಿತು. ಕರೆಂಟು ಥಟ್ಟನೆ ಹೋದದ್ದರಿಂದ ಆಟದ ಕಡತಗಳು ಕೆಟ್ಟಿವೆ, ಮೊದಲಿನಿಂದ ಇಳಿಸಿಕೊಳ್ಳಬೇಕು, ಸಂಜೆಯ ತನಕ ಹಿಡಿಯುತ್ತದೆ ಎಂದು ಅದು ವಿನಯದಿಂದ ತಿಳಿಸಿತು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಅಲ್ತಾಫನು ಎದ್ದು ಹೋಗಲಿಲ್ಲ.

"ಸಂಜೀತನಾ ಆ ಡಬ್ಬಿ ಮಾರಿ ನೋಡ್ಕೊಂತ ಏನ್ ಮಾಡ್ತೀರಿ?" ಎಂದಳು ವೈನಿ ಬಾಗಿಲಲ್ಲಿ ನಿಂತು. "ಬರ್ರಿ ಇಲ್ಲೆ. ಮೆಂತೇ ತಪ್ಪಲ ಸೋಸಿ ಕೊಡ್ರಿ."

ಅಡುಗೆಮನೆಯ ನೆಲದ ಮೇಲೆ, ಹಳೆಯ ಪೇಪರಿನ ಎದುರುಬದುರು ತುದಿಗಳಲ್ಲಿ, ಮಹಾವೀರರು ಪದ್ಮಾಸನಸ್ಥರಾದರು. ಪ್ರಭು ಒಂದು ಹಿಡಿ ತಪ್ಪಲವನ್ನು ಬಾಚಿ ಒಂದೇ ಎಳೆತಕ್ಕೆ ಸರ್ರನೆ ಸವರಿ ರಾಶಿ ಹಾಕತೊಡಗಿದನು. ಅಲ್ತಾಫನು ಒಂದು ಕಡ್ಡಿಯನ್ನು ಎತ್ತಿ, ಬೆಳಕಿಗೆ ಹಿಡಿದು, ಎಲೆ ಎಲೆಯಾಗಿ ಬಿಡಿಸತೊಡಗಿದನು.

"ಲೇ, ಕಡ್ಡಿ ಸಮೇತ ಹಾಕಾಕತ್ತೀಯಲ್ಲ! ಅರ್ಧಾ ಹಾಳು."

"ನಿನ್ನ ಲೆಕ್ಕದಾಗ ಸೋಸಿದ್ರ ಪಲ್ಯ ನಾಳಿಗೆ ಆಕ್ಕೈತಿ."

"ನನ್ನದು ನೋಡು, ಒಂದ ಎಲಿ ದಂಡ ಇಲ್ಲ."

"ನನ್ನ ರಾಶಿ ನೋಡು, ನಿನ್ನದರ ಮೂರು ಪಟ್ಟು ಐತಿ!"

ಇಬ್ಬರೂ ದನಿಯೇರಿಸಿ, ತೀರ್ಪಿಗಾಗಿ ವೈನಿಯ ಕಡೆ ತಿರುಗಿದರು. ಅವಳು ಬಗ್ಗಿ ಎರಡು ರಾಶಿಗಳನ್ನೂ ಒಂದೇ ಬುಟ್ಟಿಗೆ ಬಳಿದುಕೊಂಡು, ತೂಗಿ ನೋಡಿದಳು.

"ಇಬ್ರೂ ಕೂಡಿ ಒಂದ ಸಿವುಡು ಮುಗಿಸಿಲ್ಲ," ಎಂದಳು. "ಸೋಸ್ರಿ ಸುಮ್ಮ."